ಕಣ್ಣುಗುಡ್ಡೆ ನಿಲ್ಲದಿದ್ದಾಗ

ಬಲಗಣ್ಣು ಅದುರಿದರೆ ಶುಭವೋ ಅಶುಭವೋ ಎಂದು ಕೇಳುವವರು ನಮ್ಮಲ್ಲಿ ಬೇಕಾದಷ್ಟು ಜನ. ಅಲ್ಲಿ ಅದುರುವುದು ರೆಪ್ಪೆ. ನಿದ್ದೆಗೆಟ್ಟರೂ ದಣಿದರೂ ಹಾಗಾಗುತ್ತದೆ, ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ಗುಡ್ಡೆಯೇ ಅತ್ತಿತ್ತ ಓಲಾಡುತ್ತಿದ್ದರೆ ಮಾತು ಬೇರೆ. ವೈದ್ಯರು ಅದನ್ನು ನಿಸ್ಟಾಗ್ಮಸ್ ಎನ್ನುತ್ತಾರೆ. ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲುವಿನಂಥ ಊರುಗಳಲ್ಲಿ, ಮಗುವಿನ ಕಣ್ಣು ಹೀಗೆ ಆಡಿದರೆ, 'ದೊಡ್ಡವನಾದ್ಮೇಲೆ ಸರಿಹೋಗುತ್ತೆ ಬಿಡಿ' ಎನ್ನುವ ಹಿರಿಯರಿಗೆ ಕೊರತೆಯಿಲ್ಲ. ಆ ಮಾತು ನಂಬಿ ಕೂರಬೇಡಿ.

ವೈದ್ಯರು ಮೊದಲು ಕೇಳುವುದು, ಯಾವಾಗಿನಿಂದ? ಹುಟ್ಟಿದ ಆರು ತಿಂಗಳೊಳಗೆ ಶುರುವಾದದ್ದು ಒಂದು ಗುಂಪು. ಇದರ ಹಿಂದೆ ಹುಟ್ಟು ಪೊರೆ, ಅಕ್ಷಿಪಟಲದ ದೋಷ ಇಲ್ಲವೇ ಆಲ್ಬಿನಿಸಂ ಇರಬಹುದು. ಸೋದರಮಾವ, ಅತ್ತೆಮಗಳು ಎಂದು ಸಂಬಂಧದಲ್ಲೇ ಮದುವೆಯಾಗುವ ನಮ್ಮ ಸೀಮೆಯಲ್ಲಿ ಮನೆತನದ ಪ್ರಶ್ನೆಯನ್ನೂ ಕೇಳಲೇಬೇಕು. ಇಂಥ ಮಗುವಿಗೆ ಸಾಮಾನ್ಯವಾಗಿ ಲೋಕ ಅಲುಗಿದಂತೆ ಕಾಣುವುದಿಲ್ಲ. ಕತ್ತನ್ನು ಒಂದು ಪಕ್ಕಕ್ಕೆ ತಿರುಗಿಸಿದರೆ ಓಲಾಟ ತಗ್ಗುವುದರಿಂದ ಅದು ಕರಿಹಲಗೆಯನ್ನು ಓರೆಯಾಗಿ ನೋಡುತ್ತದೆ. ಮೇಷ್ಟ್ರು 'ನೆಟ್ಟಗೆ ನೋಡೋ' ಎಂದು ಗದರಿಸುವುದು ಅನ್ಯಾಯ. ಆ ಓರೆ ನೋಟವೇ ಮಗು ಕಂಡುಕೊಂಡ ದಾರಿ. ಒಂದು ಕಣ್ಣನ್ನು ಮುಚ್ಚಿದಾಗ ಮಾತ್ರ ಗುಡ್ಡೆ ಎಗರಿದರೆ ಅದು ಇನ್ನೊಂದು ಬಗೆ, ಹೆಚ್ಚಾಗಿ ಹುಟ್ಟಿನಿಂದಲೇ ಬಂದ ಮೆಳ್ಳೆಗಣ್ಣಿನ ಜೊತೆಗಿರುತ್ತದೆ.

ದೊಡ್ಡವರಲ್ಲಿ ಹೊಸದಾಗಿ ಬಂದರೆ ಕಣ್ಣೆದುರಿನದೆಲ್ಲ ಕುಣಿಯುತ್ತದೆ. ಗುಡ್ಡೆ ನಿಧಾನವಾಗಿ ಜಾರಿ, ಝಟ್ಟನೆ ಹಿಂದಿರುಗುತ್ತದೆ. ಆ ಝಟ್ಟನೆಯ ದಿಕ್ಕೇ ಅದರ ಹೆಸರು. ಕೆಳಮುಖವಾಗಿ ಎಗರಿದರೆ ವೈದ್ಯರ ಗಮನ ತಲೆ-ಕತ್ತು ಸೇರುವ ಜಾಗದತ್ತ, ಕಿರುಮೆದುಳಿನತ್ತ ಹೋಗುತ್ತದೆ. ಮೂರ್ಛೆರೋಗದ ಫೆನಿಟೊಯಿನ್ ಮಾತ್ರೆ ಹೆಚ್ಚಾದರೂ, ಕುಡಿತದಿಂದ ಬಿ1 ಜೀವಸತ್ವ ಬತ್ತಿದರೂ ಕಣ್ಣು ಆಡುತ್ತದೆ. ಹಾಸಿಗೆಯಲ್ಲಿ ಮಗ್ಗುಲಾದಾಗಷ್ಟೇ ತಲೆ ಸುತ್ತಿದರೆ, ತಲೆಯನ್ನು ಹೊರಳಿಸಿ ಸರಕ್ಕನೆ ಮಲಗಿಸಿ ಕಣ್ಣು ನೋಡುತ್ತಾರೆ. 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ವಿವರಿಸಿದ ಈ ಪರೀಕ್ಷೆಗೆ ಒಂದು ಮಂಚ ಸಾಕು. ಇದು ಒಳಗಿವಿಯ ತೊಂದರೆಯಾದರೆ ಮಲಗಿಸಿ ತಿರುಗಿಸುವುದರಿಂದಲೇ ವಾಸಿಯಾಗುವುದುಂಟು.

ಪುಟ್ಟ ಮಗುವಿನ ಕಣ್ಣು ಬಿಡುವಿಲ್ಲದೆ ಎಲ್ಲ ದಿಕ್ಕಿಗೂ ಚಿಮ್ಮುತ್ತಿದ್ದರೆ ಒಂದು ದಿನವೂ ತಡೆಯಬೇಡಿ. ಹೊಟ್ಟೆಯಲ್ಲೋ ಎದೆಯಲ್ಲೋ ಅಡಗಿದ ಗೆಡ್ಡೆಯ ಸುಳಿವು ಅದಾಗಿರಬಹುದು.

ಮನೆಯವರು ಮಾಡಬಹುದಾದ ಒಂದು ಕೆಲಸವಿದೆ. ಒಳ್ಳೆಯ ಬೆಳಕಿನಲ್ಲಿ ಎರಡೂ ಕಣ್ಣು ಕಾಣುವಂತೆ ಅರ್ಧ ನಿಮಿಷ ಮೊಬೈಲಿನಲ್ಲಿ ವಿಡಿಯೊ ಮಾಡಿ. ಆಸ್ಪತ್ರೆಯಲ್ಲಿ ಕಣ್ಣು ಸುಮ್ಮನಿದ್ದರೂ ಅದು ಸಾಕ್ಷಿ ಹೇಳುತ್ತದೆ. ಪಾವಗಡದಲ್ಲೇ ಶ್ರೀ ಶಾರದಾದೇವಿ ಕಣ್ಣಿನ ಆಸ್ಪತ್ರೆಯಿದೆ. ಮುಂದಿನ ತಪಾಸಣೆಗೆ ಬೆಂಗಳೂರಿನ ಮಿಂಟೊ, ಮೆದುಳು-ನರದ ಅನುಮಾನವಿದ್ದರೆ ನಿಮ್ಹಾನ್ಸ್ ಇವೆ. ನಡಿಗೆ ತೂರಾಡಿ, ಮಾತು ತೊದಲಿ, ಜೊತೆಗೆ ಕಣ್ಣೂ ಆಡತೊಡಗಿದರೆ ಅದು ಪಾರ್ಶ್ವವಾಯು ಇರಬಹುದು. ಕೂಡಲೇ 108ಕ್ಕೆ ಕರೆ ಮಾಡಿ.