ಕೊಯ್ಲಿನ ನಡುವೆ ಮೊಮ್ಮಗಳ ಹಾಡು

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಸಂಘದ ಕಚೇರಿಯಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಮೊದಲನೆಯದು ಆಳಿನ ಕೊರತೆಯದು. ಅದು ಹಳೆಯ ಮಾತು. ಎರಡನೆಯದು ಬೆಂಗಳೂರಿನಿಂದ ಬರುವ ಕರೆಯದು. "ಮೊಮ್ಮಗನ ಶಾಲೆಯಲ್ಲಿ ವಾರ್ಷಿಕೋತ್ಸವವಂತೆ, ಹಾಡುತ್ತಾನಂತೆ. ಹೋಗುವುದು ಹೇಗೆ? ಕಣದಲ್ಲಿ ಕಾಫಿ ಹರವಿದೆ" ಎಂದು ಒಬ್ಬರು ಹೇಳಿದರೆ, ಪಕ್ಕದಲ್ಲಿ ನಿಂತವರು "ನಮ್ಮದೂ ಅದೇ ಕಥೆ" ಎನ್ನುತ್ತಾರೆ. ಸದಸ್ಯ ಬಾಂಧವರಲ್ಲಿ ಅರವತ್ತು ದಾಟಿದವರೇ ಹೆಚ್ಚಿರುವ ಈ ಕಾಲದಲ್ಲಿ, ಇದು ಒಂದೆರಡು ಮನೆಯ ವಿಷಯವಾಗಿ ಉಳಿದಿಲ್ಲ. ಆದುದರಿಂದ ಗೊಬ್ಬರ, ಔಷಧಿ, ಧಾರಣೆಗಳ ಜೊತೆಗೆ ಈ ಸಲ ಇದನ್ನೂ ಬರೆಯುವುದು ಸರಿಯೆಂದು ನಮಗೆ ತೋರಿತು.

ಶಾಲೆಗಳ ಪಂಚಾಂಗಕ್ಕೂ ತೋಟದ ಪಂಚಾಂಗಕ್ಕೂ ಹೊಂದಾಣಿಕೆಯಿಲ್ಲ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ. ಅದು ಮುಗಿಯುವ ಮೊದಲೇ ರೊಬಸ್ಟಾ ಹಣ್ಣಾಗುತ್ತದೆ. ಅಡಿಕೆಯ ಕೊನೆ ಇಳಿಸುವುದೂ ಇದೇ ತಿಂಗಳುಗಳಲ್ಲಿ. ಇಳಿಸಿದ ಕೊನೆಯನ್ನು ಹಾಗೇ ಬಿಡುವಂತಿಲ್ಲ. ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಪಲ್ಪರ್‌ಗೆ ಹೋಗಬೇಕಾದ ಹಣ್ಣು ಅಂದೇ ಹೋಗಬೇಕು. ಇದರ ಮೇಲೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಕಣದ ಮೇಲೆ ಟಾರ್ಪಾಲು ಹೊದಿಸಲು ಮನೆಯಲ್ಲಿ ಜನ ಬೇಕು. ಶಾಲೆಯವರು ವಾರ್ಷಿಕೋತ್ಸವ ಇಡುವುದೂ ಡಿಸೆಂಬರ್, ಜನವರಿಯಲ್ಲಿಯೇ. ಅವರನ್ನು ದೂರಿ ಪ್ರಯೋಜನವಿಲ್ಲ. ಫೆಬ್ರವರಿ ದಾಟಿದರೆ ಪರೀಕ್ಷೆಯ ಕಾಲ.

ಕಳೆದ ಕೊಯ್ಲಿನಲ್ಲಿ ನಮಗೂ ಇಂತಹ ಕರೆ ಬಂದಿತು. ಮಗಳ ಸಂಸಾರ ಇರುವುದು ದಕ್ಷಿಣ ಬೆಂಗಳೂರಿನ ಬೇಗೂರಿನಲ್ಲಿ. ಮೊಮ್ಮಗಳಿಗೆ ಎಂಟು ವರ್ಷ. "ಅಜ್ಜಯ್ಯ, ವಿಡಿಯೊ ಕಳಿಸೋದಲ್ಲ, ನೀವೇ ಬರಬೇಕು" ಎಂದು ಫೋನಿನಲ್ಲಿ ಕರಾರು ಹಾಕಿದಳು. ಪಕ್ಕದ ತೋಟದವರು ಎರಡು ದಿನ ನಮ್ಮ ಕಣ ನೋಡಿಕೊಳ್ಳಲು ಒಪ್ಪಿದರು. ಅವರ ಕೊನೆ ಇಳಿಸುವ ದಿನ ನಾವು ನಿಲ್ಲುವುದೆಂದು ಮಾತಾಯಿತು. ನಮ್ಮ ಮನೆಯವರೂ ನಾವೂ ರಾತ್ರಿಯ ಬಸ್ಸು ಹತ್ತಿದೆವು.

ಹೋಗುವವರ ಅನುಕೂಲಕ್ಕೆ ದಾರಿ ಹೇಳುತ್ತೇವೆ. 2025ರ ಆಗಸ್ಟ್‌ನಲ್ಲಿ ಮೆಟ್ರೋದ ಹಳದಿ ಮಾರ್ಗ ತೆರೆದ ಮೇಲೆ ಆ ಕಡೆಯ ಪ್ರಯಾಣ ಸುಲಭವಾಗಿದೆ. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು, ಅಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ ಬೊಮ್ಮನಹಳ್ಳಿಯಲ್ಲಿ ಇಳಿದರೆ, ಬೇಗೂರಿಗೆ ಅಲ್ಲಿಂದ ಆಟೋ ಸಿಗುತ್ತದೆ.

ಬೇಗೂರು ಇಂದು ಅಪಾರ್ಟ್‌ಮೆಂಟುಗಳ ಊರಾಗಿ ಕಾಣುತ್ತದೆ. ಆದರೆ ಅದು ಬೆಂಗಳೂರಿಗಿಂತ ಚಿಕ್ಕ ಊರೆಂದು ತಿಳಿಯಬಾರದು. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 890ರ ಕಾಲದ, ಗಂಗರ ಆಳ್ವಿಕೆಯ ಒಂದು ಕಲ್ಲಿನ ಶಾಸನವಿದೆ. ಬೆಂಗಳೂರಿನ ಕಾಳಗದಲ್ಲಿ ಮಡಿದವನನ್ನು ನೆನೆಯುವ ಈ ಶಾಸನದಲ್ಲಿ 'ಬೆಂಗಳೂರು' ಎಂಬ ಹೆಸರು ಹಳಗನ್ನಡದಲ್ಲಿ ಕಂಡುಬರುತ್ತದೆ. ಕೆಂಪೇಗೌಡರು ಪೇಟೆ ಕಟ್ಟಿಸಿದ್ದು 16ನೆಯ ಶತಮಾನದಲ್ಲಿ. ಹೆಸರು ಅದಕ್ಕಿಂತ ಆರು ನೂರು ವರ್ಷ ಹಳೆಯದು. ಮೊಮ್ಮಕ್ಕಳು ಬೆಳೆಯುತ್ತಿರುವ ನೆಲದ ಕನ್ನಡಕ್ಕೆ ಇಷ್ಟು ಆಳದ ಬೇರಿದೆ ಎಂಬುದು ಅಲ್ಲಿಗೆ ಹೋಗುವ ಅಜ್ಜ ಅಜ್ಜಿಯರಿಗೆ ತಿಳಿದಿರಬೇಕು.

ಸಂಜೆ ಕಾರ್ಯಕ್ರಮ ನಾಡಗೀತೆಯಿಂದ ಆರಂಭವಾಯಿತು. ಕುವೆಂಪು ಅವರ ಈ ಗೀತೆ 2004ರಲ್ಲಿ ನಾಡಗೀತೆಯಾಯಿತು. ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ಚರ್ಚೆ ಬಹಳ ಕಾಲ ನಡೆದು, 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡಿನ ಅವಧಿಯನ್ನೂ ನಿಗದಿ ಮಾಡಿತು. ಆಮೇಲೆ ಸಂಗೀತ ಕಲಿಯುವ ಚಿಕ್ಕ ಮಕ್ಕಳು ಸರಳೆ ವರಸೆ, ಜಂಟಿ ವರಸೆ ಹಾಡಿ ತೋರಿಸಿದರು. ಇವನ್ನು ಮಾಯಾಮಾಳವಗೌಳ ರಾಗದಲ್ಲಿ ಕಲಿಸುವ ಪದ್ಧತಿಯನ್ನು ಪುರಂದರದಾಸರ ಹೆಸರಿಗೆ ಸೇರಿಸಿ ಹೇಳುತ್ತಾರೆ. ಸ-ರಿ-ಗ-ಮ ನಡುವೆ ಇರುವ ಅಂತರಗಳೇ ಪ-ದ-ನಿ-ಸ ನಡುವೆಯೂ ಇರುವುದರಿಂದ, ಮಗುವಿನ ಗಂಟಲಿಗೆ ಮೊದಲರ್ಧ ಹಿಡಿದರೆ ಎರಡನೆಯ ಅರ್ಧವೂ ಹಿಡಿಯುತ್ತದೆ. ಸಸಿಮಡಿಯಲ್ಲಿ ನೆಟ್ಟಗೆ ಎದ್ದ ಸಸಿ ತೋಟಕ್ಕೆ ಹೋದ ಮೇಲೂ ನೆಟ್ಟಗಿರುವಂತೆ, ಈ ಮೊದಲ ಪಾಠವೇ ಮುಂದಿನ ಹಾಡಿಗೆಲ್ಲ ಆಧಾರ.

ಕೊನೆಯಲ್ಲಿ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಹಾಡುನಾಟಕ. ಮೂಲ ಕಥೆ ಬ್ರೌನಿಂಗ್ ಎಂಬ ಆಂಗ್ಲ ಕವಿಯದು. ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಆ ಕಥೆಯನ್ನು ಕುವೆಂಪು ತುಂಗಾ ನದಿಯ ದಡಕ್ಕೆ ತಂದರು. ಅಡಿಕೆ ತೋಟಗಳ ನಡುವಿನ ಕುಪ್ಪಳಿಯಲ್ಲಿ ಬೆಳೆದ ಕವಿಗೆ ಬೇರೆ ಯಾವ ನದಿ ನೆನಪಾಗಬೇಕು? ಹತ್ತಿರದಲ್ಲೇ ಬೊಮ್ಮನಹಳ್ಳಿ ಇರುವುದರಿಂದ ಅಲ್ಲಿನ ಮಕ್ಕಳಿಗೆ ಇದು ತಮ್ಮ ಬಡಾವಣೆಯ ಕಥೆಯೆಂದೇ ಹಿಗ್ಗು! ಏಲಕ್ಕಿ ಬೆಳೆದು ಇಲಿಯ ಕಾಟ ಕಂಡ ನಾವೂ ಮಕ್ಕಳ ಜೊತೆ ನಕ್ಕೆವು.

ಆದರೆ ಕಥೆಯ ಕೊನೆ ನಗುವಂತಹದಲ್ಲ. ಕೊಟ್ಟ ಮಾತಿಗೆ ಗೌಡ ತಪ್ಪಿದಾಗ ಜೋಗಿ ಮತ್ತೆ ಕಿಂದರಿ ನುಡಿಸುತ್ತಾನೆ. ಊರಿನ ಮಕ್ಕಳೆಲ್ಲ ಹಾಡಿನ ಹಿಂದೆ ಹೊರಟುಹೋಗುತ್ತಾರೆ. ಹಿರಿಯರು ನೋಡುತ್ತ ನಿಲ್ಲುತ್ತಾರೆ. ನಮ್ಮ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಆಗ ಕನ್ನಡಕ ತೆಗೆದು ಒರೆಸಿಕೊಂಡರು. ಅವರೂ ಊರು ಬಿಟ್ಟು ಮಕ್ಕಳನ್ನು ನೋಡಲು ಬಂದವರೇ ಇರಬೇಕು.

ನಮ್ಮ ಮೊಮ್ಮಗಳು ಎರಡನೆಯ ಸಾಲಿನಲ್ಲಿ, ಎಡದಿಂದ ನಾಲ್ಕನೆಯವಳು. ಪಾತ್ರವೇನೂ ಇರಲಿಲ್ಲ, ಹಿಮ್ಮೇಳದವಳು. ಹಾಡುತ್ತ ಕಣ್ಣಿನಲ್ಲೇ ಸಭೆಯನ್ನು ಹುಡುಕಿ, ನಾವು ಕಂಡ ಮೇಲೆ ದನಿ ಏರಿಸಿದಳು. ಹೊರಗೆ ಬಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಜ್ಜಯ್ಯ, ತುಂಗಾ ನದಿ ನಿಮ್ಮ ತೋಟದ ಹತ್ತಿರ ಇದೆಯಾ?"

ನಿಮ್ಮ ತೋಟ ಎಂದಳು. ನಮ್ಮ ತೋಟ ಎನ್ನಲಿಲ್ಲ. ಅದು ಮಗುವಿನ ತಪ್ಪಲ್ಲ. ಬೇಸಿಗೆಯಲ್ಲಿ ನಾಲ್ಕು ದಿನ ಬಂದುಹೋಗುವವಳಿಗೆ ತೋಟ ಅಜ್ಜನದೇ ಸರಿ. ಆದರೆ ಆ ಮಾತು ಮನಸ್ಸಿನಲ್ಲಿ ನಿಂತಿತು. ನಮ್ಮ ಕಾಲದ ನಂತರ ತೋಟ ಯಾರು ನೋಡುತ್ತಾರೆಂಬ ಚಿಂತೆ ಇಲ್ಲದ ಸದಸ್ಯರು ಎಷ್ಟು ಜನ? ಅದಕ್ಕೆ ಉತ್ತರವನ್ನು ನಾವು ಧಾರಣೆಯಲ್ಲಿ, ಸಾಲದ ಬಡ್ಡಿಯಲ್ಲಿ ಹುಡುಕುತ್ತೇವೆ. ಅವೂ ಬೇಕು, ನಿಜ. ಆದರೆ ಅಜ್ಜ ತನ್ನ ಹಾಡಿಗೆ ಬರಲಿಲ್ಲವೆಂದು ತಿಳಿದ ಮಗು ನಾಳೆ ಅಜ್ಜನ ತೋಟಕ್ಕೆ ಏಕೆ ಬಂದೀತು? ಹೋಗಿಬರುವುದು ಎರಡೂ ಕಡೆಯಿಂದ ಆಗಬೇಕು.

ಈ ಅನುಭವದಿಂದ ಸದಸ್ಯರ ಮುಂದೆ ಕೆಲವು ಸೂಚನೆಗಳನ್ನು ಇಡುತ್ತಿದ್ದೇವೆ.

1. ವಾರ್ಷಿಕೋತ್ಸವದ ದಿನವನ್ನು ಮಕ್ಕಳಿಂದ ನವೆಂಬರ್‌ನಲ್ಲಿಯೇ ಕೇಳಿ ತಿಳಿದುಕೊಳ್ಳಿ. ಅಡಿಕೆಯೂ ಕಾಫಿಯೂ ಒಂದೇ ಸಲಕ್ಕೆ ಕೊಯ್ಯುವ ಬೆಳೆಗಳಲ್ಲ. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ ಎರಡು ದಿನದ ಬಿಡುವನ್ನು ಮೊದಲೇ ಗೊತ್ತುಮಾಡಬಹುದು.

2. ಮುಯ್ಯಾಳಿನ ಪದ್ಧತಿ ನಮ್ಮ ಹಿರಿಯರದು. ನೆಟ್ಟಿಗೆ, ಕೊಯ್ಲಿಗೆ ಇದ್ದ ಮುಯ್ಯಿ, ಕಣ ಕಾಯುವುದಕ್ಕೂ ಆಗಬಹುದು.

3. ಹೋದಲ್ಲಿ ಬಹುಮಾನ ಬಂತೇ ಎಂದು ಕೇಳಬೇಡಿ. ಮನೆಗೆ ಬಂದು ಇನ್ನೊಮ್ಮೆ ಹಾಡಿಸಿ, ಕುಳಿತು ಕೇಳಿ. ದಿನವೆಲ್ಲ ಇಂಗ್ಲಿಷ್ ಪಾಠದ ನಡುವೆ ಬೆಳೆಯುವ ಮಗು ತುಂಬು ಕಂಠದಿಂದ ಕನ್ನಡ ನುಡಿಯುವುದು ಹಲವು ಸಲ ಹಾಡಿನಲ್ಲಿಯೇ.

4. ನಮ್ಮಲ್ಲಿಯೂ ಹಾಡುಗಳಿವೆ. ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ-ಪಂಟಿಗೆಯವರ ಹಾಡು, ಮದುವೆಯ ಸೋಬಾನೆ. ಮೊಮ್ಮಕ್ಕಳನ್ನು ದೀಪಾವಳಿಗೆ ಕರೆಸಿ ಇವನ್ನು ಕೇಳಿಸಿ. ಅವರ ಹಾಡನ್ನು ನಾವು ಕೇಳಿದಂತೆ ನಮ್ಮದನ್ನು ಅವರೂ ಕೇಳಲಿ.

ಬರುವ ಕೊಯ್ಲಿನಿಂದ ಸಂಘದ ಕಚೇರಿಯಲ್ಲಿ ಒಂದು ಪುಸ್ತಕ ಇಡಲಾಗುವುದು. ಊರಿಗೆ ಹೋಗಬೇಕಾದವರು ದಿನಾಂಕವನ್ನೂ, ಕಣ ನೋಡಿಕೊಳ್ಳಬಲ್ಲವರು ತಮ್ಮ ಹೆಸರನ್ನೂ ಅದರಲ್ಲಿ ಬರೆಯಬೇಕಾಗಿ ವಿನಂತಿ. ಮೊದಲ ಪುಟದಲ್ಲಿ ಕಣ ನೋಡಿಕೊಳ್ಳುವವರ ಸಾಲಿಗೆ ನಮ್ಮ ಹೆಸರನ್ನು ಬರೆದಿದ್ದೇವೆ.