ಎರಿ ಭೂಮ್ಯಾಗ ಮನಿ ಮುಂದಿನ ಅಟ್ಟ: ಪಾಯ ಮೊದಲು, ಹಲಗಿ ಆಮೇಲೆ

ಮನಿ ಮುಂದ ಆಳೆತ್ತರದ ಅಟ್ಟ ಕಟ್ಟಿಸೋರು ಹಲಗಿಗಿಂತ ಮೊದಲು ಮಣ್ಣು ನೋಡ್ರಿ. ಸಿಂಧನೂರು, ಮಸ್ಕಿ ಕಡೆಯ ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲ್ಮೇಲೆ ನೆಟ್ಟ ಕಂಬ ಓರೆ ಆಗ್ತದ. ಆಳದ ಎರಿಗೆ ಬುಡ ಅಗಲಿಸಿದ ಕಾಂಕ್ರೀಟ್ ಪೈಲ್ ಬೇಕು, ಐಎಸ್ 2911ರ ಪ್ರಕಾರ ಸಾಮಾನ್ಯವಾಗಿ 3.5 ಮೀಟರ್ ಆಳ. ಲಿಂಗಸುಗೂರಿನ ಮಸಾರಿ, ಕಲ್ಲು ನೆಲದಾಗ ಗಟ್ಟಿ ಪದರ ಸಿಗೋತನಕ ತೋಡ್ರಿ.

ಎಷ್ಟು ಭಾರ?
ಐಎಸ್ 875 ಮನೆ ಬಾಲ್ಕನಿಗೆ ಕೇಳೋದು ಚದರ ಮೀಟರ್‌ಗೆ 3 ಕಿಲೋನ್ಯೂಟನ್, ಅಂದ್ರ ಸುಮಾರು 300 ಕಿಲೊ. 75 ಕಿಲೊದ ಭತ್ತದ ಚೀಲ ನಾಲ್ಕೇ! ಸುಗ್ಗಿಯಾಗ ನಾವು ಆರೇಳು ಪೇರಿಸೋರು, ಕೆಳಗ ಮಕ್ಕಳು ಆಡ್ತಿರ್ತಾವ. ಚೀಲ ಇಡೋದಿದ್ರ ಎಂಜಿನಿಯರ್‌ಗೆ ಮೊದಲೇ ಹೇಳ್ರಿ. ರೇಲಿಂಗ್ 1 ಮೀಟರ್‌ಗಿಂತ ಕಡಿಮೆ ಬ್ಯಾಡ.

ಯಾವ ಸಾಮಾನು?
ನಾನು ಚೌಕಟ್ಟಿಗೆ ಜಿ.ಐ. ಪೈಪ್, ಮೇಲೆ ಸಾಗವಾನಿ ಹಲಗಿ ಹಾಕೀನಿ. ನೀರಿಳಿಯಲು ನಡುವೆ 5-6 ಮಿ.ಮೀ. ಸಂದು. ಕಟ್ಟಿಗಿ ಎಲ್ಲೂ ಮಣ್ಣಿಗೆ ತಾಕಂಗಿಲ್ಲ, ಗೆದ್ದಲಿಗೆ ಅದೇ ಮೊದಲ ತಡೆ. ಬೋರಾಕ್ಸ್-ಬೋರಿಕ್ ದ್ರಾವಣದಾಗ ನೆನೆಸಿದ ಬಿದಿರು ಅಗ್ಗ, ಆದ್ರ ಮಳೆಗೆ ಔಷಧ ತೊಳೆದು ಹೋಗ್ತದ. ಪತ್ರಾಸ್ ಕೆಳಗಷ್ಟೇ ಬಳಸ್ರಿ. ಹಳೆ ಎಂಜಿನ್ ಆಯಿಲ್ ಬಳೀಬ್ಯಾಡ್ರಿ, ಅದು ಹಿತ್ತಲ ಮಣ್ಣಿಗೆ ಇಳೀತದ.

ಗುಂಡಿ ತೋಡೋ ಮುಂಚೆ ಪಂಚಾಯಿತಿ ಅಥವಾ ನಗರಸಭೆ ಒಪ್ಪಿಗೆ ತಗೊಳ್ರಿ.