ಕಡತದಲ್ಲಿ ಇಳಿದ ನ್ಯುಮೋನಿಯಾ

1984ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನ್ಯುಮೋನಿಯಾ ಸಾವಿನ ಲೆಕ್ಕ ದಿಢೀರನೆ ಕುಸಿಯಿತು. ಹೊಸ ಔಷಧಿಯೇನೂ ಬಂದಿರಲಿಲ್ಲ. ವಯಸ್ಸಾದವರು ಹಿಂದಿನಂತೆಯೇ ಚಳಿಗಾಲದಲ್ಲಿ ಕೆಮ್ಮಿ, ಉಸಿರು ಸಿಗದೆ ಸಾಯುತ್ತಿದ್ದರು. ಬದಲಾದದ್ದು ಒಂದೇ: ಮರಣ ದಾಖಲೆಗೆ ಕೋಡ್ ಹಾಕುವ ಕಚೇರಿಯು ‘ಮೂರನೇ ನಿಯಮ’ವನ್ನು ಅರ್ಥಮಾಡಿಕೊಳ್ಳುವ ರೀತಿ.

ಸಾವಿನ ಕಾರಣ ಬರೆಯುವ ನಮೂನೆಯಲ್ಲಿ ಎರಡು ಭಾಗ. ಮೊದಲನೆಯದರಲ್ಲಿ ಸಾವಿಗೆ ನೇರವಾಗಿ ಒಯ್ದ ಕಾಯಿಲೆಗಳು, ಎರಡನೆಯದರಲ್ಲಿ ಜೊತೆಗಿದ್ದ ಬೇರೆ ತೊಂದರೆಗಳು. ವೈದ್ಯರು ಎಷ್ಟೇ ಬರೆದಿರಲಿ, ‘ಮೂಲ ಕಾರಣ’ವೆಂದು ಒಂದನ್ನೇ ಆರಿಸಿ ಅಂತರರಾಷ್ಟ್ರೀಯ ರೋಗ ವರ್ಗೀಕರಣದ, ಅಂದರೆ ಐಸಿಡಿಯ ಕೋಡ್ ಹಾಕುತ್ತಾರೆ. ಸಾವಿನ ಮುಖ್ಯ ಕೋಷ್ಟಕಗಳಿಗೆ ಹೋಗುವುದು ಆ ಒಂದೇ. ಆರಿಸಿದ ಕಾಯಿಲೆ ನಮೂನೆಯಲ್ಲಿರುವ ಇನ್ನೊಂದರ ನೇರ ಪರಿಣಾಮವೆಂದು ಸ್ಪಷ್ಟವಿದ್ದರೆ ಆ ಇನ್ನೊಂದನ್ನೇ ಮೂಲ ಕಾರಣವಾಗಿ ಹಿಡಿಯಬೇಕು ಎನ್ನುವುದೇ ಮೂರನೇ ನಿಯಮ. ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದ ಅಜ್ಜಿ ಕೊನೆಗೆ ನ್ಯುಮೋನಿಯಾದಿಂದ ತೀರಿಕೊಂಡರು ಎನ್ನೋಣ. ಪಾರ್ಶ್ವವಾಯು ಎರಡನೇ ಭಾಗದಲ್ಲಿದ್ದರೆ, 1984ಕ್ಕೆ ಮೊದಲು ಆ ಸಾವು ಸಾಮಾನ್ಯವಾಗಿ ನ್ಯುಮೋನಿಯಾದ ಖಾತೆಗೆ. ನಿಯಮವನ್ನು ಹಿಗ್ಗಿಸಿ ಓದಿದ ಮೇಲೆ ಪಾರ್ಶ್ವವಾಯುವಿನ ಖಾತೆಗೆ. 1993ರಲ್ಲಿ ಕಂಪ್ಯೂಟರ್ ಕೋಡಿಂಗ್ ಜೊತೆಗೆ ಹಳೆಯ ಅರ್ಥ ಮರಳಿತು, ನ್ಯುಮೋನಿಯಾ ಏರಿತು. 2001ರಲ್ಲಿ ಐಸಿಡಿಯ ಹತ್ತನೇ ಆವೃತ್ತಿ ಬಂತು, ಮತ್ತೆ ಇಳಿಯಿತು. ಎರಡು ಇಳಿತ, ಒಂದು ಏರಿಕೆ. ಶ್ವಾಸಕೋಶಗಳಿಗೆ ಇದರ ಸುದ್ದಿಯೇ ಇಲ್ಲ.

1999ರಲ್ಲಿ ಹತ್ತನೇ ಆವೃತ್ತಿಗೆ ಹೊರಳಿದ ಅಮೆರಿಕ ಒಂದು ಜಾಣತನ ಮಾಡಿತು. 1996ರ ಸಾವುಗಳನ್ನೇ ಹಳೆಯ, ಹೊಸ ಎರಡೂ ಪದ್ಧತಿಯಲ್ಲಿ ಕೋಡ್ ಮಾಡಿ ತಾಳೆ ನೋಡಿತು. ಹೊಸದರಲ್ಲಿ ಇನ್‌ಫ್ಲುಯೆಂಜಾ–ನ್ಯುಮೋನಿಯಾ ಸಾವು ಸುಮಾರು ಶೇ 30 ಕಡಿಮೆ, ಆಲ್ಜೈಮರ್ ಸಾವು ಸುಮಾರು ಶೇ 55 ಹೆಚ್ಚು! ಸತ್ತವರು ಅವರೇ, ಪ್ರಮಾಣಪತ್ರಗಳೂ ಅವೇ. ಇಮ್ಮಡಿ ದುಡಿಮೆಯ, ಬೇಸರದ ಕೆಲಸವಿದು. ಆದರೆ ಮಾಡದಿದ್ದರೆ ‘ಮರೆವಿನ ರೋಗದ ಸ್ಫೋಟ’ ಎಂದು ತಲೆಬರಹ ಕೊಡಲು ನಮ್ಮಂಥ ಪತ್ರಿಕೆಯವರು ತಯಾರಾಗಿಯೇ ಇರುತ್ತೇವೆ.

2022ರ ಜನವರಿಯಲ್ಲಿ ಜಾರಿಗೆ ಬಂದ ಹನ್ನೊಂದನೇ ಆವೃತ್ತಿಯಲ್ಲಿ ಪಾರ್ಶ್ವವಾಯು ರಕ್ತಪರಿಚಲನೆಯ ಅಧ್ಯಾಯ ಬಿಟ್ಟು ನರಮಂಡಲದ ಅಧ್ಯಾಯಕ್ಕೆ ಹೋಗಿದೆ. ಅಧ್ಯಾಯವಾರು ಮೊತ್ತ ಹಾಕುವವರು ಎಚ್ಚರ ತಪ್ಪಿದರೆ ಹೃದಯ–ರಕ್ತನಾಳದ ಕಾಯಿಲೆ ಒಂದೇ ವರ್ಷದಲ್ಲಿ ಹತೋಟಿಗೆ ಬಂದಂತೆ ಕಾಣುತ್ತದೆ.

ನಮ್ಮಲ್ಲಿ ತೊಡಕು ಕೋಡ್‌ಗಿಂತ ಮೊದಲೇ ಶುರು. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ 22.5ರಷ್ಟಕ್ಕೆ ಮಾತ್ರ. ಅಲ್ಲೂ ‘ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್’ ಎಂದು ಗೀಚಿ ಮುಗಿಸುವವರಿದ್ದಾರೆ. ಹೃದಯ, ಉಸಿರು ಯಾರದು ತಾನೇ ಕೊನೆಗೆ ನಿಲ್ಲುವುದಿಲ್ಲ? ಇಂಥ ಬರಹಕ್ಕೆ ಯಾವ ಆವೃತ್ತಿಯ ಕೋಡ್ ಹಾಕಿದರೂ ಕಾಯಿಲೆ ಸಿಗುವುದಿಲ್ಲ.

ಹಾಸನ ಜಿಲ್ಲೆಯಲ್ಲಿ ವರದಿಯಾದ ಹೃದಯಾಘಾತದ ಸಾವುಗಳು ಹುಟ್ಟಿಸಿದ ಆತಂಕದ ಬೆನ್ನಿಗೆ, 2025ರ ಜುಲೈನಲ್ಲಿ, ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳ ವರದಿ ಕಡ್ಡಾಯ ಮಾಡುವುದಾಗಿ ರಾಜ್ಯ ಸರ್ಕಾರ ಹೇಳಿತು. ಒಳ್ಳೆಯ ನಿರ್ಧಾರ. ವರದಿ ಮಾಡುವವರು ಹೆಚ್ಚಿದಂತೆ ಸಂಖ್ಯೆಯೂ ಏರುತ್ತದೆ. ಆ ಸಂಖ್ಯೆಯನ್ನು ಯಾರೂ ಎಣಿಸದಿದ್ದ ವರ್ಷಗಳ ಪಕ್ಕದಲ್ಲಿಟ್ಟು ‘ಹಠಾತ್ ಸಾವು ಏರಿದೆ’ ಎಂದು ಹೇಳುವ ಹಾಗಿಲ್ಲ.